ಅದೃಷ್ಟಕ್ಕೆ ರೇಟು ಕಟ್ಟಿದ ಮನುಷ್ಯ: ಬ್ರಿಡ್ಜ್ ಚಾಂಪಿಯನ್ ಬಾಬ್ ಹ್ಯಾಮನ್ ಕಥೆ, ಜೊತೆಗೆ ಆ ಆಟದ ಲೆಕ್ಕಾಚಾರ

2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೆಲ್ಲ ನಿಲ್ಲಿಸೋ ಕಾನೂನು ಬಂತಲ್ಲ, ಅವತ್ತಿಂದ ಎಲ್ಲಾ ಫ್ಯಾಮಿಲಿ ಗ್ರೂಪಲ್ಲೂ ಒಂದೇ ಜಗಳ, ರಮ್ಮಿ ಜೂಜಾ ಇಲ್ಲಾ ಬುದ್ಧಿ ಆಟನಾ ಅಂತ. ಹೊಸ ಕಾನೂನು ಆ ವ್ಯತ್ಯಾಸಕ್ಕೇ ಹೋಗಿಲ್ಲ, ಬುದ್ಧಿದಾಗ್ಲಿ ಅದೃಷ್ಟದ್ದಾಗ್ಲಿ ಆನ್‌ಲೈನಲ್ಲಿ ದುಡ್ಡು ಕಟ್ಟಿ ಆಡಂಗಿಲ್ಲ ಅಂದುಬಿಟ್ಟಿದೆ. ಆದ್ರೆ ಈ ಪ್ರಶ್ನೆ ಹಳೇದು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಲ್ಲಿ ಸುಪ್ರೀಂ ಕೋರ್ಟು ರಮ್ಮೀಲಿ ಕೌಶಲ್ಯದ್ದೇ ಮೇಲುಗೈ ಅಂತ ಹೇಳಿತ್ತು, ಆಗ ಅದು ಹೋಲಿಕೆಗೆ ತಗೊಂಡಿದ್ದು ಬ್ರಿಡ್ಜನ್ನ. ರಮ್ಮೀಲಿ ಇರೋ ಅದೃಷ್ಟ ಬ್ರಿಡ್ಜಲ್ಲಿ ಎಲೆ ಹಂಚುವಾಗ ಇರೋ ಅದೃಷ್ಟದ ಥರದ್ದೇ ಅಂತ ಅದರ ಸಾರಾಂಶ.

ಅಂದ್ರೆ ಜಡ್ಜುಗಳ ಲೆಕ್ಕದಲ್ಲಿ ಬ್ರಿಡ್ಜು ಪ್ರಶ್ನೆನೇ ಇಲ್ಲದ ಬುದ್ಧಿ ಆಟ, ಉಳಿದ ಇಸ್ಪೀಟಾಟ ಅಳೆಯೋಕೆ ಅದೇ ಸ್ಕೇಲು. ಆದ್ರೆ ನಮ್ಮಲ್ಲಿ ಎಷ್ಟು ಜನ ಬ್ರಿಡ್ಜ್ ಆಡಿದ್ದೀವಿ? 2018ರ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ 60 ವರ್ಷದ ಪ್ರಣಬ್ ಬರ್ಧನ್, 56 ವರ್ಷದ ಶಿಬನಾಥ್ ಸರ್ಕಾರ್ ಬ್ರಿಡ್ಜಲ್ಲಿ ಚಿನ್ನ ಗೆದ್ದಾಗ "ಇಸ್ಪೀಟಿಗೂ ಮೆಡಲ್ಲಾ" ಅಂತ ನಕ್ಕವರೇ ಜಾಸ್ತಿ. ಆಟ ಅರ್ಥ ಆಗ್ಬೇಕಂದ್ರೆ ಬರೀ ರೂಲ್ಸು ಓದಿದ್ರೆ ನಿದ್ದೆ ಬರುತ್ತೆ, ಹಾಗಾಗಿ ಒಬ್ಬ ಆಟಗಾರರ ಬೆನ್ನು ಹಿಡಿದು ಹೋಗೋಣ. ಅಮೆರಿಕದ ಬಾಬ್ ಹ್ಯಾಮನ್. 1985ರಿಂದ 2004ರವರೆಗೆ, ಸುಮಾರು 20 ವರ್ಷ, ವಿಶ್ವ ರ‍್ಯಾಂಕಿಂಗಲ್ಲಿ ನಂಬರ್ ಒನ್ ಇದ್ದೋರು.

28 ಆಟ ಗೊತ್ತಾ? ಹಾಗಾದ್ರೆ ಅರ್ಧ ಬ್ರಿಡ್ಜ್ ಗೊತ್ತು

ಮದುವೆ ಮನೇಲಿ ರಾತ್ರಿ ಊಟ ಆದ್ಮೇಲೆ ಜಮಖಾನ ಹಾಸ್ಕೊಂಡು 28 ಆಡೋರನ್ನ ನೋಡಿರ್ತೀರ. ನಾಲ್ಕು ಜನ, ಎದುರಾಬದುರು ಕೂತೋರು ಪಾರ್ಟ್ನರು, ಮೊದಲು ಕೂಗು, ಕೂಗಿ ಗೆದ್ದೋರು ಇಟ್ಟಿದ್ದೇ ತುರುಫು, ಆಮೇಲೆ ಆಟ. ಬ್ರಿಡ್ಜಿನ ಅಸ್ಥಿಪಂಜರವೂ ಇಷ್ಟೇ.

52 ಎಲೆನೂ ಹಂಚ್ತಾರೆ, ಒಬ್ಬೊಬ್ರಿಗೆ 13. ಒಬ್ರು ಒಂದು ಎಲೆ ಇಳಿಸಿದ್ರೆ ಉಳಿದ ಮೂವರು ಅದೇ ಜಾತಿ ಎಲೆ ಹಾಕ್ಬೇಕು, ಆ ಜಾತಿ ಕೈಲಿ ಇಲ್ದಿದ್ರೆ ಮಾತ್ರ ಬೇರೆದು ಹಾಕ್ಬಹುದು ಅಥವಾ ತುರುಫು ಹೊಡೀಬಹುದು. ದೊಡ್ಡ ಎಲೆ ಹಾಕಿದೋರಿಗೆ ಆ ಸುತ್ತು. ಈ ಒಂದು ಸುತ್ತಿಗೆ ಟ್ರಿಕ್ ಅಂತಾರೆ. 13 ಎಲೆ, 13 ಟ್ರಿಕ್. 28ರಲ್ಲಿ ಜಾಕಿ ದೊಡ್ಡಣ್ಣ, ಇಲ್ಲಿ ಹಾಗಿಲ್ಲ, ಎಕ್ಕ, ರಾಜ, ರಾಣಿ, ಜಾಕಿ ಅಂತ ನೆಟ್ಟಗೆ ಇಳೀತಾ ಹೋಗುತ್ತೆ.

ಇಲ್ಲಿವರೆಗೆ ಸಲೀಸು. ವ್ಯತ್ಯಾಸ ಇರೋದು ಕೂಗೋದ್ರಲ್ಲಿ. ಬ್ರಿಡ್ಜಲ್ಲಿ ನೀವು ಕೂಗೋದು ಎಷ್ಟು ಟ್ರಿಕ್ ಗೆಲ್ತೀವಿ ಅನ್ನೋ ಮಾತು. ಮೊದಲ 6 ಟ್ರಿಕ್ ಲೆಕ್ಕಕ್ಕಿಲ್ಲ, ಅದರ ಮೇಲಿಂದ ಎಣಿಸ್ಬೇಕು, ಹಾಗಾಗಿ "4 ಇಸ್ಪೀಟು" ಅಂದ್ರೆ ಇಸ್ಪೀಟು ತುರುಫು ಮಾಡ್ಕೊಂಡು ನಾವಿಬ್ರೂ ಸೇರಿ 10 ಟ್ರಿಕ್ ಹೊಡೀತೀವಿ ಅಂತ. ಜಾತಿಗಳಿಗೂ ಮೇಲು ಕೀಳಿದೆ, ಕಳಾವರ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಡೈಮನ್, ಆಟೀನು, ಇಸ್ಪೀಟು, ಎಲ್ಲಕ್ಕಿಂತ ಮೇಲೆ ನೋ ಟ್ರಂಪ್, ಅಂದ್ರೆ ತುರುಫೇ ಇಲ್ಲದ ಆಟ. ಹರಾಜಲ್ಲಿ ಕೊನೆಗೆ ನಿಂತ ಕೂಗೇ ಕಾಂಟ್ರಾಕ್ಟು. ಹೇಳಿದಷ್ಟು ಹೊಡೆದ್ರೆ ಪಾಯಿಂಟು, ಒಂದು ಕಮ್ಮಿ ಆದ್ರೂ ದಂಡ. ನಿಮ್ಮ ಕೈಲಿ 12 ಟ್ರಿಕ್ಕಿಗೆ ಆಗೋಷ್ಟು ಎಲೆ ಇದ್ದು ನೀವು ಬರೀ 8 ಅಂತ ಕೂಗಿದ್ರೆ ದೊಡ್ಡ ಬೋನಸ್ ತಪ್ಪುತ್ತೆ. ಟೆಂಡರ್ ಹಾಕಿದ ಹಾಗೆ, ಜಾಸ್ತಿ ಆದ್ರೂ ಕಷ್ಟ ಕಮ್ಮಿ ಆದ್ರೂ ನಷ್ಟ.

ಕಾಂಟ್ರಾಕ್ಟ್ ತಗೊಂಡವರಲ್ಲಿ ಒಬ್ರು ಆಡ್ತಾರೆ, ಅವರ ಪಾರ್ಟ್ನರ್ ತಮ್ಮ 13 ಎಲೆನೂ ಟೇಬಲ್ ಮೇಲೆ ಅಂಗಾತ ಹಾಸಿಟ್ಟು ಸುಮ್ನೆ ಕೂರ್ತಾರೆ, ಅವರಿಗೆ ಡಮ್ಮಿ ಅಂತ ಹೆಸರು. ಟೀ ತರೋಕೆ ಹೋದ್ರೂ ಆಗುತ್ತೆ. ಇಲ್ಲೇ ಆಟದ ಸ್ವಾರಸ್ಯ ಇರೋದು, ಯಾಕಂದ್ರೆ ಈಗ ಆಡ್ತಿರೋ ಎಲ್ರಿಗೂ 26 ಎಲೆ ಕಾಣ್ತವೆ, ತಮ್ಮದು 13, ಡಮ್ಮೀದು 13. ಉಳಿದ 26 ಎಲ್ಲಿವೆ ಅಂತ ಕೂಗಿದ ಮಾತು, ಹಾಕಿದ ಎಲೆ, ಹಾಕದೇ ಇದ್ದ ಎಲೆ ನೋಡಿ ಲೆಕ್ಕ ಹಾಕ್ಬೇಕು.

ಈ ಕಾಂಟ್ರಾಕ್ಟ್ ಬ್ರಿಡ್ಜಿನ ಸ್ಕೋರಿಂಗ್ ಪದ್ಧತಿ ಹುಟ್ಟಿದ್ದು 1925ರಲ್ಲಿ, ಪನಾಮಾ ಕಾಲುವೆ ದಾಟ್ತಿದ್ದ ಒಂದು ಹಡಗಲ್ಲಿ, ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಅನ್ನೋ ಶ್ರೀಮಂತ ಟೈಂಪಾಸಿಗೆ ರೂಪಿಸಿದ್ದು.

ಒಳ್ಳೆ ಎಲೆ ಬಂದೋರು ಗೆಲ್ತಾರೆ, ಇದರಲ್ಲಿ ಬುದ್ಧಿ ಎಲ್ಲಿ ಬಂತು?

ಎಲ್ರೂ ಕೇಳೋದು ಇದನ್ನೇ, ಉತ್ತರ ಮಾತ್ರ ಬಹಳ ಸರಳ. ಟೂರ್ನಮೆಂಟಲ್ಲಿ ಒಂದೇ ಹಂಚಿಕೆಯನ್ನ ಎರಡು ರೂಮಲ್ಲಿ ಆಡಿಸ್ತಾರೆ.

ಒಂದು ಟೀಮಲ್ಲಿ ಎರಡು ಜೋಡಿ. ಮೊದಲನೇ ರೂಮಲ್ಲಿ ನಮ್ಮ ಜೋಡಿ ಉತ್ತರ ದಕ್ಷಿಣಕ್ಕೆ ಕೂತ್ರೆ ಎರಡನೇ ರೂಮಲ್ಲಿ ನಮ್ಮ ಇನ್ನೊಂದು ಜೋಡಿ ಪೂರ್ವ ಪಶ್ಚಿಮಕ್ಕೆ ಕೂರುತ್ತೆ. ಮೊದಲನೇ ರೂಮಲ್ಲಿ ನಮಗೆ ಬಂದ ಒಳ್ಳೆ ಎಲೆ ಎರಡನೇ ರೂಮಲ್ಲಿ ಎದುರಾಳಿಗೆ ಹೋಗುತ್ತೆ, ಅದೇ ಎಕ್ಕ ಅದೇ ರಾಜ ಅದೇ ಪುಡಿ ಎಲೆ. ಇಬ್ಬರು ಅಡುಗೆ ಭಟ್ರಿಗೆ ಅಳತೆ ಮಾಡಿ ಒಂದೇ ಅಕ್ಕಿ ಒಂದೇ ಬೇಳೆ ಒಂದೇ ತರಕಾರಿ ಕೊಟ್ಟು ಸಾಂಬಾರ್ ಮಾಡಿಸಿದ ಹಾಗೆ, ಸಾಮಾನು ಸರಿ ಇರ್ಲಿಲ್ಲ ಅಂತ ನೆಪ ಹೇಳೋ ಹಾಗಿಲ್ಲ.

ಉದಾಹರಣೆಗೆ ಒಂದು ರೂಮಲ್ಲಿ ನಾವು 3 ನೋ ಟ್ರಂಪ್ ಕೂಗಿ 9 ಟ್ರಿಕ್ ಹೊಡೆದ್ವಿ, ಬೋನಸ್ ಜಾಸ್ತಿ ಇರೋ ಹಂಚಿಕೆ ಆದ್ರೆ 600 ಪಾಯಿಂಟ್. ಇನ್ನೊಂದು ರೂಮಲ್ಲಿ ಅವರು ಹೆದರಿ 2 ನೋ ಟ್ರಂಪಿಗೆ ನಿಂತು ಅದೇ 9 ಟ್ರಿಕ್ ಹೊಡೆದ್ರು, ಅವರಿಗೆ 150 ಮಾತ್ರ. ವ್ಯತ್ಯಾಸ 450. ಇದನ್ನ ಒಂದು ಕೋಷ್ಟಕದಲ್ಲಿ ಕುಗ್ಗಿಸಿ ಐಎಂಪಿ ಅನ್ನೋ ಲೆಕ್ಕಕ್ಕೆ ತರ್ತಾರೆ, 450ಕ್ಕೆ 10 ಐಎಂಪಿ. ಒಂದೇ ಕೈಲಿ ಬಂದ ಭಾರಿ ಲಾಭ ಇಡೀ ಮ್ಯಾಚನ್ನ ನುಂಗದೇ ಇರ್ಲಿ ಅಂತ ಈ ಕುಗ್ಗಿಸೋ ಕೆಲಸ.

ಅದೃಷ್ಟ ಪೂರ್ತಿ ಹೋಯ್ತಾ ಅಂದ್ರೆ ಇಲ್ಲ, ಅದು ಎಲೆ ಹಂಚೋದ್ರಿಂದ ಎದ್ದು ನಿರ್ಧಾರದೊಳಗೆ ಬಂದು ಕೂತಿದೆ. ಎದುರಾಳಿಗಳಿಬ್ಬರ ಹತ್ರ ಸೇರಿ ಒಂದು ಜಾತೀದು 5 ಎಲೆ ಉಳಿದಿದ್ರೆ ಅವು 3-2 ಆಗಿ ಹಂಚಿರೋ ಸಾಧ್ಯತೆ ಶೇ. 68. ಆರು ಉಳಿದಿದ್ರೆ ಅಂದಾಜು 3-3 ಇರ್ಬೇಕು ಅನ್ಸುತ್ತಲ್ಲ, ನಿಜದಲ್ಲಿ 3-3 ಬರೋದು ಶೇ. 36ರಷ್ಟು ಸಲ ಮಾತ್ರ, 4-2 ಬರೋದು ಶೇ. 48. ಈ ಲೆಕ್ಕ ಬಾಯಿಪಾಠ ಇರೋನು ಒಂದು ದಾರಿ ಹಿಡೀತಾನೆ, ಅಂದಾಜಲ್ಲಿ ಆಡೋನು ಇನ್ನೊಂದು. ಒಂದು ಕೈಲಿ ಅಂದಾಜಿನೋನೇ ಗೆಲ್ಲಬಹುದು, ನೂರು ಕೈ ಆಡಿದ್ರೆ ಕಷ್ಟ.

ಡಲ್ಲಾಸಿನ ಸಂಬಳದ ಟೀಮು

ಹ್ಯಾಮನ್ ಹುಟ್ಟಿದ್ದು 1938ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. 1964ರಲ್ಲಿ ನ್ಯೂಯಾರ್ಕಲ್ಲಿ ನಡೆದ ಬ್ರಿಡ್ಜಿನ ವಿಶ್ವ ಒಲಿಂಪಿಯಾಡಿಗೆ ಅಮೆರಿಕ ಟೀಮಲ್ಲಿ ಬಂದ್ರು, ಫೈನಲಲ್ಲಿ ಇಟಲಿ ಮುಂದೆ ಸೋತ್ರು. 1966ರಲ್ಲಿ ಬರ್ಮುಡಾ ಬೌಲು, ಮತ್ತೆ ಇಟಲಿ, ಮತ್ತೆ ಸೋಲು.

ಬರ್ಮುಡಾ ಬೌಲ್ ಅಂದ್ರೆ ಬ್ರಿಡ್ಜಿನ ವಿಶ್ವಕಪ್ಪು. 1950ರಲ್ಲಿ ಬರ್ಮುಡಾ ದ್ವೀಪದಲ್ಲಿ ಶುರು ಆಗಿದ್ದಕ್ಕೆ ಆ ಹೆಸರು. 1957ರಿಂದ 1969ರವರೆಗೆ ಅದನ್ನ ಆಡಿಸಿದ ಪ್ರತಿ ಸಲವೂ ಗೆದ್ದಿದ್ದು ಇಟಲಿ. ಬ್ಲೂ ಟೀಮ್ ಅಂತ ಅದರ ಹೆಸರು, ಎಪ್ಪತ್ತರ ದಶಕದ ವೆಸ್ಟ್ ಇಂಡೀಸ್ ಕ್ರಿಕೆಟ್ ಟೀಮಿನ ಥರ ಎದುರಿಗೆ ಕೂರೋಕೇ ಭಯ. ಕಾಂಟ್ರಾಕ್ಟ್ ಬ್ರಿಡ್ಜ್ ಹುಟ್ಟಿಸಿದ ದೇಶ ಅಮೆರಿಕ 1954 ಆದ್ಮೇಲೆ ಒಮ್ಮೆನೂ ಕಪ್ ಎತ್ತಿರ್ಲಿಲ್ಲ.

1968ರಲ್ಲಿ ಡಲ್ಲಾಸಿನ ಐರಾ ಕಾರ್ನ್ ಅನ್ನೋ ಉದ್ಯಮಿಗೆ ಇದು ತಡ್ಕೊಳ್ಳೋಕಾಗ್ಲಿಲ್ಲ. ಅಲ್ಲಿವರೆಗೆ ಬ್ರಿಡ್ಜ್ ಅಂದ್ರೆ ಕೆಲಸ ಮುಗಿಸ್ಕೊಂಡು ಸಂಜೆ ಆಡೋ ಆಟ, ಕಾರ್ನ್ ಮಾಡಿದ್ದು ಆಟಗಾರರಿಗೆ ಸಂಬಳ ಕೊಟ್ಟು ಅದನ್ನೇ ನೌಕರಿ ಮಾಡಿದ್ದು. ಟೀಮಿನ ಹೆಸರು ಏಸಸ್, ನಮ್ಮ ಬಾಯಲ್ಲಿ ಹೇಳೋದಾದ್ರೆ ಎಕ್ಕಗಳು. ಹ್ಯಾಮನ್ ಲಾಸ್ ಏಂಜಲೀಸ್ ಬಿಟ್ಟು 1969ರಲ್ಲಿ ಸೇರ್ಕೊಂಡ್ರು. ಕೋಚ್ ಯಾರು ಗೊತ್ತಾ, ವಾಯುಪಡೆಯ ನಿವೃತ್ತ ಕರ್ನಲ್ ಜೋ ಮುಸುಮೆಚಿ. ಆಡಿದ್ದನ್ನ ಕೂತು ಬಿಡಿಸಿ ಬಿಡಿಸಿ ನೋಡೋದು, ಯಾರ ತಪ್ಪು ಎಷ್ಟು ಐಎಂಪಿ ತಿಂತು ಅಂತ ಬರೆದಿಡೋದು, ಅಭ್ಯಾಸಕ್ಕೆ ಬೇಕಾದ ಹಂಚಿಕೆ ತೆಗೆಯೋಕೆ ಕಂಪ್ಯೂಟರು, ಅದೂ ಆ ಕಾಲದಲ್ಲಿ.

ಫಲ ಬೇಗ ಬಂತು. 1970ರಲ್ಲಿ ಸ್ಟಾಕ್‌ಹೋಮ್, 1971ರಲ್ಲಿ ತೈಪೆ, ಎರಡೂ ಸಲ ಏಸಸ್ ವಿಶ್ವ ಚಾಂಪಿಯನ್. ಆದ್ರೆ ಒಂದು ಮುಳ್ಳು ಉಳೀತು, 1969ರ ಗೆಲುವಾದ್ಮೇಲೆ ಬ್ಲೂ ಟೀಮ್ ನಿವೃತ್ತಿ ಹೇಳಿತ್ತು, ಇವರು ಗೆದ್ದ ಎರಡೂ ಸಲ ಅದು ಕಣದಲ್ಲೇ ಇರ್ಲಿಲ್ಲ. 1972ರಲ್ಲಿ ಅವರು ವಾಪಸ್ ಬಂದು ಮಯಾಮಿ ಬೀಚಿನ ಒಲಿಂಪಿಯಾಡಲ್ಲಿ ಏಸಸ್ಸನ್ನ ಸೋಲಿಸಿದ್ರು. 1973, 1974, 1975ರ ಬರ್ಮುಡಾ ಬೌಲೂ ಇಟಲಿಗೇ.

ಒಂದು ಕಳಾವರ್ ರಾಜ

1975ರದ್ದು ಸ್ವಲ್ಪ ವಿವರವಾಗಿ ಹೇಳ್ಬೇಕು. ಆ ಸಲ ಮೊದಲ ಬಾರಿಗೆ ಟೇಬಲ್ ಮೇಲೆ ಅಡ್ಡಡ್ಡ ಪರದೆ ಕಟ್ಟಿದ್ರು, ಪಾರ್ಟ್ನರ್ ಮುಖ ಪಾರ್ಟ್ನರಿಗೆ ಕಾಣಬಾರ್ದು ಅಂತ. ಯಾಕಂದ್ರೆ ಬ್ರಿಡ್ಜಲ್ಲಿ ಪಾರ್ಟ್ನರಿಗೆ ಸುದ್ದಿ ಮುಟ್ಟಿಸೋಕೆ ಕೂಗು ಮತ್ತು ಹಾಕೋ ಎಲೆ ಬಿಟ್ರೆ ಬೇರೆ ದಾರಿನೇ ಇರಬಾರ್ದು, ಆ ಕೂಗಿನ ಅರ್ಥ ಏನು ಅಂತ ಎದುರಾಳಿ ಕೇಳಿದ್ರೆ ಹೇಳಲೂಬೇಕು. ಹುಬ್ಬು ಹಾರಿಸೋದು, ಕೆಮ್ಮೋದು ಮೋಸ. ಮೇಲೆ ಪರದೆ ಕಟ್ಟಿದ್ರು ಸರಿ, ಟೇಬಲ್ ಕೆಳಗೆ ಏನೂ ಇರ್ಲಿಲ್ಲ. ಇಟಲಿಯ ಒಂದು ಜೋಡಿ ಕೆಳಗೆ ಕಾಲು ತಾಗಿಸಿದ್ದು ಬಯಲಾಗಿ ಛೀಮಾರಿ ಹಾಕಿಸ್ಕೊಂಡ್ರು. ಆಮೇಲೆ ಕೆಳಗೂ ಅಡ್ಡ ಹಲಗೆ ಬಂತು.

ಫೈನಲ್ ಇಟಲಿಗೂ ಅಮೆರಿಕಕ್ಕೂ. ಕೊನೇ ಹಂತ, ಕೆಲವೇ ಕೈ ಬಾಕಿ. ಇಟಲಿಯ ಬೆಲ್ಲಡೊನ್ನ ಮತ್ತು ಗರೊಜ್ಜೊ (ಇವರ ಮೇಲೆ ಆ ಕಾಲಿನ ಆರೋಪ ಇರ್ಲಿಲ್ಲ) 7 ಕಳಾವರ್ ಕೂಗಿಬಿಟ್ರು, ಅಂದ್ರೆ ಹದಿಮೂರಕ್ಕೆ ಹದಿಮೂರೂ ಟ್ರಿಕ್, ಒಂದು ಹೋದ್ರೂ ಮುಗೀತು. ಎಲೆ ಬಿಚ್ಚಿ ನೋಡಿದ್ರೆ ತುರುಫಿನ ರಾಜನೇ ಇಲ್ಲ, ಎದುರಾಳಿ ಹತ್ರ ಇದೆ.

ಇಂಥ ಟೈಮಲ್ಲಿ ಮಾಡೋ ಕೆಲಸಕ್ಕೆ ಫಿನೆಸ್ ಅಂತಾರೆ. ನಿಮ್ಮ ಹತ್ರ ಎಕ್ಕ ರಾಣಿ ಒಂದೇ ಕಡೆ ಇದೆ, ರಾಜ ಇಲ್ಲ. ಆ ಎಕ್ಕ ರಾಣಿಗಿಂತ ಮುಂಚೆ ಎಲೆ ಹಾಕ್ಬೇಕಾದ ಎದುರಾಳಿ ಹತ್ರ ರಾಜ ಇದ್ರೆ ಅವನು ಸಿಕ್ಕಿಬಿದ್ದ, ರಾಜ ಹಾಕಿದ್ರೆ ಎಕ್ಕದಲ್ಲಿ ಹೊಡೀತೀರ, ಹಾಕ್ದಿದ್ರೆ ರಾಣಿನೇ ಗೆಲ್ಲುತ್ತೆ. ರಾಜ ಇನ್ನೊಬ್ಬ ಎದುರಾಳಿ ಹತ್ರ ಇದ್ರೆ ನಿಮ್ಮ ರಾಣಿ ಹೋಯ್ತು. ಐವತ್ತಕ್ಕೆ ಐವತ್ತು. ಅವತ್ತು ಇನ್ನೂ ಕಷ್ಟ ಇತ್ತು, ರಾಜ ಸರಿಯಾದ ಕಡೆ ಇದ್ರೆ ಸಾಲದು, ಅದರ ಜೊತೆ ತುರುಫು ಜಾಸ್ತಿ ಇರಲೂಬಾರ್ದು. ಎರಡೂ ಕೂಡಿ ಬಂತು. ರಾಜ ಬಿತ್ತು, ಕಪ್ ಇಟಲಿಗೆ ಹೋಯ್ತು. ಅದೇ ಕೈ ಇನ್ನೊಂದು ರೂಮಲ್ಲಿ ಆಡಿದ ಅಮೆರಿಕದವರು ಒಂದು ಮೆಟ್ಟಿಲು ಕೆಳಗೆ, ಹುಷಾರಾಗಿ ನಿಂತಿದ್ರು. ಲೆಕ್ಕದ ಪ್ರಕಾರ ಅವರದ್ದೇ ಸರಿ.

ಗೆದ್ದಿದ್ದು ಎಷ್ಟು, ಗೆದ್ದಿದ್ದು ಹೇಗೆ

1974ರಲ್ಲಿ ಹ್ಯಾಮನ್ ಬಾಬಿ ವುಲ್ಫ್ ಜೊತೆ ವಿಶ್ವ ಪೇರ್ಸ್, ಅಂದ್ರೆ ಜೋಡಿಗಳ ವಿಶ್ವ ಚಾಂಪಿಯನ್‌ಶಿಪ್ ಗೆದ್ರು, ಈ ವುಲ್ಫೇ ಮುಂದೆ ಎರಡು ದಶಕಕ್ಕೂ ಜಾಸ್ತಿ ಹ್ಯಾಮನ್ ಎದುರಿಗೆ ಕೂತ ಪಾರ್ಟ್ನರು. ಬರ್ಮುಡಾ ಬೌಲ್ 1977, 1983, 1985, 1987, 1995, 2000, 2003, ಕೊನೆಗೆ 2009. ಮೊದಲಿನ ಎರಡು ಸೇರಿಸಿದ್ರೆ 10. ನಡುವೆ 1988ರ ಒಲಿಂಪಿಯಾಡ್ ಬೇರೆ.

ಇದರಲ್ಲಿ 2003ರದ್ದು ನನಗೆ ತುಂಬಾ ಇಷ್ಟ. ಮಾಂಟೆ ಕಾರ್ಲೋದಲ್ಲಿ ಮತ್ತೆ ಇಟಲಿ ಮೇಲೆ ಫೈನಲ್, 128 ಕೈ ಆಡಿದ ಮೇಲೆ ಸ್ಕೋರು 304-303. ಒಂದೇ ಐಎಂಪಿ. ಒಂದು ಐಎಂಪಿ ಅಂದ್ರೆ ಇಪ್ಪತ್ತರಿಂದ ನಲವತ್ತು ಪಾಯಿಂಟು, ಒಂದು ಟ್ರಿಕ್ ಹೆಚ್ಚುವರಿ ಹೊಡೆದ್ರೆ ಬರೋ 30 ಪಾಯಿಂಟು ಸಾಕು ಅದಕ್ಕೆ. ಇದಾಗಲೇ ಗೆದ್ದಾಯ್ತಲ್ಲ ಬಿಡು ಅಂತ ಮೂರನೇ ದಿನ ಯಾರೋ ಕೈಚೆಲ್ಲಿದ ಒಂದು ಟ್ರಿಕ್ಕು ವಿಶ್ವಕಪ್ಪನ್ನೇ ಅತ್ತಿತ್ತ ಮಾಡಬಹುದು. ಹ್ಯಾಮನ್ ಎದುರಿಗೆ ಆಗ ಕೂತಿದ್ದು ಪಾಲ್ ಸೊಲೊವೇ. 2009ರಲ್ಲಿ ಸಾವೊ ಪೌಲೊದಲ್ಲಿ ಗೆದ್ದಾಗ ಹ್ಯಾಮನ್‌ಗೆ 71 ವರ್ಷ, ಎದುರಿಗೆ ಕರಾಚಿಯಲ್ಲಿ ಹುಟ್ಟಿದ ಜಿಯಾ ಮಹಮೂದ್. 1981ರಲ್ಲಿ ಪಾಕಿಸ್ತಾನವನ್ನ ಬರ್ಮುಡಾ ಬೌಲ್ ಫೈನಲ್ಲಿಗೆ ಒಯ್ದು ಅಮೆರಿಕದ ಮುಂದೆ ಸೋತ ಆಟಗಾರ ಅವರು, ಕೊನೆಗೆ ಆ ಕಪ್ ಮುಟ್ಟಿದ್ದು ಅಮೆರಿಕದ ಟೀಮಲ್ಲೇ ಕೂತು.

ಆಟಗಾರರ ನಡುವೆ ಹ್ಯಾಮನ್ ಹೆಸರಲ್ಲಿ ಒಂದು ನಿಯಮವೇ ಓಡಾಡುತ್ತೆ. ಏನು ಕೂಗ್ಬೇಕು ಅಂತ ಎರಡು ಮೂರು ದಾರಿ ಕಾಣ್ತಿದ್ದು ಅದರಲ್ಲಿ ಒಂದು 3 ನೋ ಟ್ರಂಪ್ ಆಗಿದ್ರೆ ಅದನ್ನೇ ಕೂಗು. ಕೇಳೋಕೆ ತಮಾಷೆ ಅನ್ಸುತ್ತೆ, ಹಿಂದೆ ಲೆಕ್ಕ ಇದೆ. ದೊಡ್ಡ ಬೋನಸ್ ಬರ್ಬೇಕಂದ್ರೆ ಕೂಗಿದ್ದರ ಬೆಲೆ 100 ಮುಟ್ಟಬೇಕು. ಇಸ್ಪೀಟು, ಆಟೀನಲ್ಲಿ ಟ್ರಿಕ್ಕಿಗೆ 30, ಅದಕ್ಕೆ 10 ಟ್ರಿಕ್ ಬೇಕು. ಡೈಮನ್, ಕಳಾವರಲ್ಲಿ ಟ್ರಿಕ್ಕಿಗೆ 20, ಅದಕ್ಕೆ 11. ನೋ ಟ್ರಂಪಲ್ಲಿ ಮೊದಲನೇದಕ್ಕೆ 40, ಆಮೇಲೆ 30, ಹಾಗಾಗಿ 9 ಹೊಡೆದ್ರೆ ಸಾಕು. ಅದೇ ಬೋನಸ್ಸಿಗೆ ಕಮ್ಮಿ ಕೆಲಸ. ಬರೀ ಧೈರ್ಯದ ಮಾತಲ್ಲ ಇದು, ಯಾವ ರಿಸ್ಕಿಗೆ ಎಷ್ಟು ಸಿಗುತ್ತೆ ಅನ್ನೋ ವ್ಯಾಪಾರದ ಮಾತು.

ಅದೇ ಲೆಕ್ಕ, ಬೇರೆ ಅಂಗಡಿ

ವ್ಯಾಪಾರ ಅಂದೆ ನೋಡಿ, 1986ರಲ್ಲಿ ಹ್ಯಾಮನ್ ಡಲ್ಲಾಸಲ್ಲಿ ಎಸ್‌ಸಿಎ ಪ್ರೊಮೋಶನ್ಸ್ ಅನ್ನೋ ಕಂಪನಿ ಶುರು ಮಾಡಿದ್ರು. ಕೆಲಸ ಏನಂದ್ರೆ ಬಹುಮಾನಗಳಿಗೆ ವಿಮೆ. ಗಾಲ್ಫ್ ಕ್ಲಬ್ಬೋರು ಒಂದೇ ಹೊಡೆತಕ್ಕೆ ಚೆಂಡು ಗುಂಡಿಗೆ ಹಾಕಿದ್ರೆ ಕಾರು ಅಂತ ಬೋರ್ಡ್ ಹಾಕ್ತಾರಲ್ಲ, ನಿಜವಾಗ್ಲೂ ಯಾರಾದ್ರೂ ಹಾಕಿಬಿಟ್ರೆ ಆ ಕಾರಿನ ದುಡ್ಡು ಕೊಡೋರು ಇಂಥ ಕಂಪನಿಯೋರು.

ಲೆಕ್ಕ ನಮ್ಮ ದುಡ್ಡಲ್ಲಿ ಹಾಕಿ ನೋಡೋಣ. ಹವ್ಯಾಸಿ ಆಟಗಾರ ಒಂದೇ ಹೊಡೆತಕ್ಕೆ ಗುಂಡಿಗೆ ಹಾಕೋದು ಸುಮಾರು 12,500 ಸಲಕ್ಕೆ ಒಂದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಕಾರಿನ ಬೆಲೆ 10 ಲಕ್ಷ, 100 ಜನ ಒಂದೊಂದು ಸಲ ಹೊಡೀತಾರೆ ಅಂತಿಟ್ಕೊಳ್ಳಿ. ಕಾರು ಹೋಗೋ ಸಾಧ್ಯತೆ ಶೇ. 0.8, ಅಂದ್ರೆ ಆ ರಿಸ್ಕಿನ ಅಸಲು ಬೆಲೆ 8,000 ರೂಪಾಯಿ. ವಿಮೆ ಕಂಪನಿ 20,000 ತಗೊಂಡ್ರೆ ಕ್ಲಬ್ಬಿಗೂ ನೆಮ್ಮದಿ, ಕಂಪನಿಗೂ ಲಾಭ. ಯಾವುದೋ ಒಂದು ದಿನ ಕಾರು ಹೋಗೇ ಹೋಗುತ್ತೆ, ಅವತ್ತು ಬೇಜಾರು ಮಾಡ್ಕೊಂಡು ರೇಟು ಬದಲಾಯಿಸಿದ್ರೆ ಕೆಟ್ರಿ. ಫಿನೆಸ್ ಕೈಕೊಟ್ಟ ಮೇಲೂ ಮುಂದಿನ ಕೈಗೆ ತಲೆ ಖಾಲಿ ಮಾಡ್ಕೊಂಡು ಕೂರೋದು ಬ್ರಿಡ್ಜಲ್ಲಿ ಕಲೀಬೇಕಾದ ಕಷ್ಟದ ಪಾಠ, ಈ ಅಂಗಡೀಲೂ ಅದೇ.

ಆದ್ರೆ ಈ ಲೆಕ್ಕ ಎಲ್ಲ ಒಂದು ನಂಬಿಕೆ ಮೇಲೆ ನಿಂತಿದೆ, ಎಲೆ ಸರಿಯಾಗಿ ಕಲಸಿದ್ದಾರೆ ಅನ್ನೋದು. ಸೈಕಲ್ ರೇಸಿನ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೇಸಲ್ಲಿ ಪೆಟ್ಟು ಬಿದ್ದಿದ್ದು ಅಲ್ಲಿಗೇ. ಆತ ಟೂರ್ ಡಿ ಫ್ರಾನ್ಸ್ ಸಾಲಾಗಿ ಗೆದ್ರೆ ಕೊಡ್ಬೇಕಾದ ಬೋನಸ್ಸಿಗೆ 2001ರಲ್ಲಿ ಟೀಮಿನವರು ಎಸ್‌ಸಿಎ ಹತ್ರ ಮಾತಾಡ್ಕೊಂಡಿದ್ರು. 2004ರಲ್ಲಿ ಆರನೇ ಸಲ ಗೆದ್ದ, 50 ಲಕ್ಷ ಡಾಲರ್ ಕೊಡ್ಬೇಕಾಯ್ತು. ಅದೇ ವರ್ಷ ಆತ ಉದ್ದೀಪನ ಮದ್ದು ತಗೊಳ್ತಾನೆ ಅನ್ನೋ ಅನುಮಾನಗಳು ಅಚ್ಚಾಗಿದ್ವು, ಹ್ಯಾಮನ್ ದುಡ್ಡು ತಡೆಹಿಡಿದ್ರು.

ವಿಷಯ ಪಂಚಾಯ್ತಿದಾರರ ಮುಂದೆ ಹೋಯ್ತು. 2005ರಲ್ಲಿ ಆರ್ಮ್‌ಸ್ಟ್ರಾಂಗ್ ಪ್ರಮಾಣ ಮಾಡಿ ನಾನು ಮದ್ದು ತಗೊಂಡೇ ಇಲ್ಲ ಅಂದ. ಒಪ್ಪಂದದಲ್ಲಿ ಅಧಿಕೃತವಾಗಿ ಗೆದ್ರೆ ಕೊಡ್ಬೇಕು ಅಂತಿತ್ತೇ ಹೊರತು ಮದ್ದಿನ ವಿಷಯ ಬರೆದಿರ್ಲಿಲ್ಲ, ಆಗಿನ ಮಟ್ಟಿಗೆ ಅಧಿಕೃತ ವಿಜೇತ ಅವನೇ. 2006ರಲ್ಲಿ ಎಸ್‌ಸಿಎ ಬಡ್ಡಿ ಖರ್ಚು ಸೇರಿಸಿ 75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂತು. ಅನುಮಾನ ಸರಿ ಇತ್ತು, ಕೈ ಸೋತ್ರು.

2012ರಲ್ಲಿ ಆತನ ಏಳೂ ಪದವಿ ಕಿತ್ಕೊಂಡ್ರು, 2013ರ ಜನವರೀಲಿ ಟಿವಿ ಮುಂದೆ ಕೂತು ಆತನೇ ಒಪ್ಕೊಂಡ. ಅಧಿಕೃತ ವಿಜೇತನೇ ಅಲ್ಲ ಅಂದ್ಮೇಲೆ ದುಡ್ಡು ಯಾವ ಲೆಕ್ಕದ್ದು ಅಂತ ಹ್ಯಾಮನ್ ಕಂಪನಿ ಹಳೇ ಕಡತ ಬಿಚ್ಚಿಸ್ತು. 2015ರ ಫೆಬ್ರವರೀಲಿ ಮೂವರು ಪಂಚಾಯ್ತಿದಾರರಲ್ಲಿ ಇಬ್ಬರು ಎಸ್‌ಸಿಎ ಪರ ನಿಂತು, ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ದಂಡ ಅಂತ 1 ಕೋಟಿ ಡಾಲರ್ ಕೊಡೋಕೆ ಆದೇಶ ಮಾಡಿದ್ರು. ಆ ವರ್ಷ ಸೆಪ್ಟೆಂಬರಲ್ಲಿ ಎರಡೂ ಕಡೆಯೋರು ರಾಜಿ ಮಾಡ್ಕೊಂಡ್ರು, ಕೊನೆಗೆ ಕೈ ಬದಲಾಯಿಸಿದ ದುಡ್ಡು ಎಷ್ಟು ಅಂತ ಹೊರಗೆ ಬಿಡ್ಲಿಲ್ಲ. ಹ್ಯಾಮನ್‌ಗೆ ಆಗ 77.